ಪ್ರಫುಲ್ಲಾ ತಡೆದ ಕೊನೆಯ ವಿಮಾನ

ಮೂವತ್ತನಾಲ್ಕು ವರ್ಷ ಸರಕಾರದ ವಿಮಾನ ತಪಾಸಣಾಧಿಕಾರಿಯಾಗಿದ್ದ ಪ್ರಫುಲ್ಲಾ, ನಿವೃತ್ತಿಯ ದಿನವೂ ಮುಂಬಯಿಯ ಜುಹೂವಿನಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಹೋದರು. ಮಧ್ಯಾಹ್ನ ಮದುವೆ ದಿಬ್ಬಣವನ್ನು ಒಯ್ಯಬೇಕಿದ್ದ ಪುಟ್ಟ ಬಾಡಿಗೆ ವಿಮಾನವೊಂದರ ತಪಾಸಣೆ ಬಾಕಿಯಿತ್ತು. ಅದರ ಚಕ್ರವನ್ನು ಹಿಡಿದಿಡುವ ಲೋಹದ ಕಾಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು.

ವಿಮಾನ ಕಂಪನಿಯ ಮ್ಯಾನೇಜರ್ ಪ್ರೀತಮ್, ಪ್ರಫುಲ್ಲಾರ ಹಾಗೆಯೇ, ಉಡುಪಿ ಕಡೆಯವನು. "ಎಂತ ಪ್ರಫುಲ್ಲಕ್ಕ, ಅದು ಬರೀ ಪೈಂಟಿನ ಗೀರು. ಇವತ್ತು ನಿಮ್ಮ ಸೆಂಡಾಫ್ ಅಲ್ವಾ? ಒಂದು ಸೈನ್ ಹಾಕಿ ಹೋಗಿ ಮಾರಾಯ್ರೆ," ಎಂದ.

"ಗೀರಾದ್ರೆ ಕಾಲು ಬಿಚ್ಚಿ ತೋರಿಸು."

ಅವನು ಪ್ರಫುಲ್ಲಾರ ಮೇಲಧಿಕಾರಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟ.

"ನಾಳೆಯಿಂದ ನಿಮಗೂ ಅದಕ್ಕೂ ಏನು ಸಂಬಂಧ ಮೇಡಂ? ಬಿಟ್ಟುಬಿಡಿ. ಇಲ್ಲಿ ಆಫೀಸಲ್ಲಿ ಎಲ್ಲರೂ ಸೆಂಡಾಫಿಗೆ ಕಾಯ್ತಿದ್ದಾರೆ," ಎಂದು ಮೇಲಧಿಕಾರಿ ಗದರಿದರು.

"ಕಾಯಲಿ ಸರ್. ಇವತ್ತು ಈ ವಿಮಾನ ಹಾರೋದಿಲ್ಲ."

ಲಾಗ್‌ಬುಕ್ಕಿನಲ್ಲಿ ಅದನ್ನೇ ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದ ಪ್ರಫುಲ್ಲಾ, ಕುರ್ಚಿ ಎಳೆದುಕೊಂಡು ವಿಮಾನದ ಮುಂದೆಯೇ ಕೂತರು. ದಿಬ್ಬಣದವರು ಬಂದು ಬಾಯಿಗೆ ಬಂದಂತೆ ಬೈದರು. ಪ್ರಫುಲ್ಲಾ ಕದಲಲಿಲ್ಲ.

ಕೊನೆಗೆ ಮೆಕ್ಯಾನಿಕ್‌ಗಳು ಕಾಲು ಬಿಚ್ಚಿದರು. ಬಿರುಕು ಅರ್ಧಕ್ಕಿಂತ ಆಳಕ್ಕೆ ಇಳಿದಿತ್ತು. ಪ್ರೀತಮ್ ಅದರ ಮೇಲೆ ಬೆರಳಾಡಿಸಿ, ಮದುವೆಯವರಿಗೆ ಬಸ್ಸು ಹುಡುಕಲು ಹೊರಗೆ ಹೋದ.

ಪ್ರಫುಲ್ಲಾ ಕಚೇರಿ ತಲುಪುವಾಗ ಬೀಳ್ಕೊಡುಗೆ ಸಮಾರಂಭವಿಲ್ಲದೆಯೇ ಎಲ್ಲರೂ ಚದುರಿದ್ದರು. ಒಬ್ಬರೇ ಉಳಿದಿದ್ದ ಮೇಲಧಿಕಾರಿ ಮುಖ ಎತ್ತಲಿಲ್ಲ.

"ಬಿರುಕಿನ ಫೋಟೋ ನಿಮ್ಮ ಮೇಲಿನವರಿಗೂ ಕಳಿಸಿದ್ದೇನೆ ಸರ್," ಎಂದು ಹೇಳಿದ ಪ್ರಫುಲ್ಲಾ, ತಮ್ಮ ಗುರುತಿನ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು, ಮನೆಗೆ ಹೋಗಲು ದಹಿಸರಿನ ಲೋಕಲ್ ರೈಲು ಹಿಡಿಯಲು ಹೊರಟರು.