ಗಿರಣಿ ಸಾಲಿನ ಸಭೆ ಒಂದಾದದ್ದು

ಪ್ರಾರ್ಥನಾಲಯದ ನಡುವೆ ಉದ್ದಕ್ಕೂ ಪರದೆ ಕಟ್ಟಿದ ದಿನ ರಾಹೇಲಮ್ಮ ಬಾಗಿಲ ಬಳಿ ಸೆರಗು ಹೊದ್ದು ನಿಂತು, ಕಟ್ಟುತ್ತಿದ್ದವರನ್ನು ನೋಡಿದಳು. ಗಿರಣಿಯಲ್ಲಿ ನೇಯ್ದ ಮಾಂಜರಪಾಟು ಬಟ್ಟೆ, ಗೋಡೆಯಿಂದ ಗೋಡೆಗೆ ಎಳೆದ ತಂತಿ, ಎರಡು ಏಣಿ. ಒಂದು ಏಣಿಯ ಮೇಲೆ ಸಭೆಯ ಹಿರಿಯ ಎಲಿಯಪ್ಪ. ಇನ್ನೊಂದರ ಮೇಲೆ ಅವಳ ಒಡಹುಟ್ಟಿದ ತಮ್ಮ ಯೋನಪ್ಪ. ಇಬ್ಬರಿಗೂ ಅಕ್ಷರ ತಿದ್ದಿಸಿದವಳು ಅವಳೇ. ಇಬ್ಬರೂ ಹದಿಮೂರರ ಮಗ್ಗಿಯಲ್ಲಿ ತಪ್ಪದೆ ಎಡವುತ್ತಿದ್ದರು. ಈಗ ನೋಡಿದರೆ ದೇವರ ಮನಸ್ಸು ತನ್ನೊಬ್ಬನಿಗೇ ಗೊತ್ತೆಂದು ಇಬ್ಬರೂ ಸಾರುತ್ತಿದ್ದರು. ಪರದೆ ತನ್ನ ಕಡೆಗೆ ಒಂದು ಗೇಣು ಜಾಸ್ತಿ ಸರಿದಿದೆ ಎಂದು ಯೋನಪ್ಪ ಏಣಿಯ ಮೇಲಿಂದಲೇ ತಕರಾರು ತೆಗೆದಾಗ ರಾಹೇಲಮ್ಮ ಮತ್ತೆ ಅಲ್ಲಿ ನಿಲ್ಲಲಿಲ್ಲ.

ಅದು ಸಾವಿರದ ಒಂಬೈನೂರ ಅರವತ್ತನೆಯ ಇಸವಿ. ದಾವಣಗೆರೆಯಲ್ಲಿ ಬಟ್ಟೆ ಗಿರಣಿಗಳ ಹಿಂದೆ, ನಿಟ್ಟುವಳ್ಳಿಗೆ ಹೋಗುವ ಬಂಡಿದಾರಿಯ ಪಕ್ಕದಲ್ಲಿ ಕ್ರೈಸ್ತರ ಇಪ್ಪತ್ತೆರಡು ಮನೆಗಳಿದ್ದವು. ಗಿರಣಿ ಕೆಲಸಕ್ಕೆಂದು ಹುಬ್ಬಳ್ಳಿ, ಗದಗಿನ ಕಡೆಯಿಂದ ಬಂದು ನೆಲೆಸಿದವರು. ಹತ್ತಿ ವ್ಯಾಪಾರದ ಬಕ್ಕೇಶಪ್ಪನವರು ಕೊಟ್ಟ ಜಾಗದಲ್ಲಿ ತಾವೇ ಕಲ್ಲು ಮಣ್ಣು ಹೊತ್ತು ಪ್ರಾರ್ಥನಾಲಯ ಕಟ್ಟಿಕೊಂಡಿದ್ದರು. ರಾಹೇಲಮ್ಮ ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಅದರ ಜಗಲಿಯಲ್ಲಿ ಮೂವತ್ತು ವರ್ಷ ಶಾಲೆ ನಡೆಸಿದವಳು. ಆ ಮನೆಸಾಲಿನಲ್ಲಿ ಓದು ಬಲ್ಲ ಯಾರೇ ಆಗಲಿ, ಅವಳ ಕೈಯ ಅಡಿಪಟ್ಟಿಯ ರುಚಿ ಕಂಡವರೇ. ಅವಳೂ ಅದನ್ನು ಮರೆಯುತ್ತಿರಲಿಲ್ಲ, ಅವರಿಗೂ ಮರೆಯಲು ಬಿಡುತ್ತಿರಲಿಲ್ಲ.

ಜಗಳಕ್ಕೆ ಮೊದಲಾದದ್ದು ಹಿಂದಿನ ಬೇಸಿಗೆಯಲ್ಲಿ. ಎಲ್ಲಿಂದಲೋ ಬಂದ ಒಬ್ಬ ಬೋಧಕ ಬಯಲಲ್ಲಿ ಡೇರೆ ಹಾಕಿ ಒಂಬತ್ತು ದಿನ ಮಾತಾಡಿದ. ಕೂಸಿನ ಹಣೆಗೆ ನೀರು ಚಿಮುಕಿಸಿದರೆ ಅದು ದೀಕ್ಷಾಸ್ನಾನವಲ್ಲ, ಬುದ್ಧಿ ತಿಳಿದ ಮೇಲೆ ನಂಬಿ, ಹರಿಯುವ ನೀರಲ್ಲಿ ಪೂರ್ತಿ ಮುಳುಗಿ ಏಳಬೇಕು ಎಂದ. ಹತ್ತನೆಯ ದಿನ ಅವನು ಡೇರೆ ಕಿತ್ತುಕೊಂಡು ಹೋದ. ಅವನ ಮಾತು ಮಾತ್ರ ಯೋನಪ್ಪನ ತಲೆಯಲ್ಲಿ ಉಳಿದುಬಿಟ್ಟಿತು. ಜನವರಿಯಲ್ಲಿ ಅವನೂ ಇನ್ನು ಹತ್ತು ಮನೆಯವರೂ ರೈಲು ಹತ್ತಿ ಹರಿಹರಕ್ಕೆ ಹೋಗಿ ತುಂಗಭದ್ರೆಯಲ್ಲಿ ಮುಳುಗಿ ಬರುವುದೆಂದು ನಿಶ್ಚಯವಾಯಿತು.

ರಾಹೇಲಮ್ಮನಿಗೆ ಆ ಬೋಧನೆ ಒಪ್ಪಿಗೆಯಾಗಿರಲಿಲ್ಲ. ಕೃಪೆ ಹೊಳೆ ನೀರಿಗೆ ಬರುವುದಾದರೆ ಹನಿ ನೀರಿಗೂ ಬಂದೀತು ಎಂಬುದು ಅವಳ ನಂಬಿಕೆ. ಆದರೂ ಅವತ್ತು ಅವರ ಜೊತೆಗೆ ಹೊರಟಳು. ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸೇತುವೆಯ ಮೇಲೆ ಲಾರಿಯವನೊಬ್ಬ ಗಾಡಿ ನಿಲ್ಲಿಸಿ, ಇದೇನು ನಡೆದಿದೆ ಎಂದು ಬಗ್ಗಿ ನೋಡುತ್ತಿದ್ದ. ಯೋನಪ್ಪ ಸೊಂಟದ ಮಟ್ಟದ ನೀರಿನಲ್ಲಿ ಹಲ್ಲು ಕಡಿಯುತ್ತ ನಿಂತು, ಮುಳುಗಿ, ಎದ್ದ. ದಡಕ್ಕೆ ಬಂದಾಗ ಅಕ್ಕ ಒಣ ಪಂಚೆ ಹಿಡಿದು ನಿಂತಿದ್ದಳು.

"ಅಕ್ಕಾ, ನೀನೂ ನಂಬಿದಿಯೇನು?" ಎಂದು ಅವನು ಆಸೆಯಿಂದ ಕೇಳಿದ.

"ನಂಬಿಲ್ಲ. ಚಳಿ ಐತೆ ಅಂತ ಬಂದೆ. ತಲೆ ಒರಸ್ಕ."

ಅವನ ಹೆಂಡತಿ ಲೇಯಮ್ಮ ನೀರು ಸುರಿಯುವ ಸೀರೆಯಲ್ಲೇ ನಕ್ಕಳು. ಎಲ್ಲರೂ ಮರಳಿನ ಮೇಲೆ ಕೂತು, ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿಂದರು. ಅಕ್ಕತಮ್ಮಂದಿರು ಅವತ್ತು ರೈಲಿನಲ್ಲಿ ದಾವಣಗೆರೆಯವರೆಗೂ ನೀರಿನ ವಿಚಾರವಾಗಿಯೇ ವಾದ ಮಾಡಿದರು, ಒಂದೇ ಬೀಡದ ಎಲೆ ಅಡಿಕೆ ಹಂಚಿಕೊಂಡು ಜಗಿದರು. ರಾಹೇಲಮ್ಮನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಂಬಿಕೆ ಬೇರೆಯಾದರೆ ವಾದ ಮಾಡುವುದು, ಹಸಿವಾದರೆ ಕೂಡಿ ಉಣ್ಣುವುದು, ಅಷ್ಟೇ ಅಲ್ಲವೇ ಅಂದುಕೊಂಡಿದ್ದಳು.

ಮುಂದಿನ ಭಾನುವಾರ ಎಲಿಯಪ್ಪ ಪ್ರಾರ್ಥನಾಲಯಕ್ಕೆ ಬೀಗ ಹಾಕಿ, ಕೀಲಿಯನ್ನು ಜನಿವಾರದಂತೆ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೊಳೆಯಲ್ಲಿ ಮುಳುಗಿದವರು ಮೊದಲ ದೀಕ್ಷೆಯನ್ನು ಕಾಲಲ್ಲಿ ಒದ್ದವರು, ಅವರಿಗೆ ಪ್ರವೇಶವಿಲ್ಲ ಎಂದ. ಯೋನಪ್ಪ ಸುಮ್ಮನಿರಲಿಲ್ಲ. ಚಿಮುಕಿಸಿಕೊಂಡವರು ಇನ್ನೂ ಕ್ರೈಸ್ತರೇ ಆಗಿಲ್ಲವೆಂದೂ, ಕಟ್ಟಡ ನಿಜವಾದ ವಿಶ್ವಾಸಿಗಳಿಗೇ ಸೇರಬೇಕೆಂದೂ ಬೀದಿಯಲ್ಲಿ ನಿಂತು ಕೂಗಿದ. ವಾರದ ಹಿಂದೆ ನಡುಗುತ್ತ ಪಂಚೆಗೆ ಕೈ ಚಾಚಿದ್ದವನು ಇವನೇನಾ ಎಂದು ರಾಹೇಲಮ್ಮನಿಗೆ ಹೇಸಿಗೆಯಾಯಿತು.

ಕೊನೆಗೆ ಇಬ್ಬರೂ ಓಡಿದ್ದು ಜಾಗ ಕೊಟ್ಟ ಬಕ್ಕೇಶಪ್ಪನವರ ಅಂಗಡಿಗೆ. ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ ಕೂತಿದ್ದ ಆ ಮುದುಕರು ಅರ್ಧ ಗಂಟೆ ಇಬ್ಬರ ಮಾತನ್ನೂ ಕೇಳಿದರು. ಆಮೇಲೆ, "ಅಲ್ರೀ, ಹರಿಹರದಾಗ ಒಂದೇ ಮೂರ್ತ್ಯಾಗ ಇಬ್ಬರು ದೇವ್ರು ಜಗಳಿಲ್ದೆ ನಿಂತಾರ. ನೀವು ಇರೋ ಒಬ್ಬ ದೇವ್ರನ್ನ ಎರಡು ಮಾಡಾಕ ನನ್ನತ್ರ ಬಂದೀರಿ. ಹೋಗ್ರಿ, ನಡುವೆ ಏನಾದ್ರೂ ಕಟ್ಕೊಳ್ರಿ," ಎಂದು ಲೆಕ್ಕದ ಪುಸ್ತಕಕ್ಕೆ ಮುಖ ತಿರುಗಿಸಿದರು. ಇಬ್ಬರೂ ಆ ಮಾತಿನ ಮುಳ್ಳನ್ನು ಅಲ್ಲೇ ಬಿಟ್ಟು, ಕೊನೆಯ ಮಾತನ್ನಷ್ಟೇ ಹೊತ್ತುಕೊಂಡು ಬಂದರು. ಹಾಗೆ ಪರದೆ ಬಂತು.

ಒಂದೂವರೆ ವರ್ಷ ಅದೇ ನಡೆಯಿತು. ಭಾನುವಾರ ಒಂಬತ್ತಕ್ಕೆ ಪರದೆಯ ಆಚೆಗೊಂದು ಆರಾಧನೆ, ಈಚೆಗೊಂದು. ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳದಂತೆ ಇಬ್ಬರೂ ಗಂಟಲು ಹರಿಯುವ ಹಾಗೆ ಹಾಡುವರು. ಇತ್ತ ಶಾಂತಿಯ ಬಗ್ಗೆ ಪ್ರಸಂಗ ನಡೆದರೆ ಅತ್ತ ಬೇಕೆಂದೇ ತಮಟೆ ಬಾರಿಸುವರು. ಎರಡೂ ಕಡೆಗೆ ಪ್ರಸಾದದ ರೊಟ್ಟಿ ಬರುತ್ತಿದ್ದುದು ಅಬ್ದುಲ್ ರಹೀಮನ ಒಂದೇ ಬೇಕರಿಯಿಂದ, ಒಂದೇ ಒಲೆಯಿಂದ. ರಾಹೇಲಮ್ಮ ಯಾವ ಕಡೆ ಕೂರಬೇಕೆಂಬುದು ದೊಡ್ಡ ಪ್ರಶ್ನೆಯಾಯಿತು. ಅವಳು ಯಾವ ಕಡೆಗೂ ಹೋಗಲಿಲ್ಲ. ಮನೆಯ ಹೊಸ್ತಿಲಲ್ಲಿ ಕೂತು ಒಬ್ಬಳೇ ಪ್ರಾರ್ಥನೆ ಮಾಡಿ, ದಾರಿಯಲ್ಲಿ ಹೋಗುವವರನ್ನು ಕನ್ನಡಕದ ಮೇಲಿನಿಂದ ನೋಡುವಳು. ಆ ನೋಟಕ್ಕೆ ಗಂಡಸರು ಛತ್ರಿ ಅಡ್ಡ ಹಿಡಿದುಕೊಂಡು ಸಾಗುತ್ತಿದ್ದರು.

ಅರವತ್ತೊಂದರ ಶ್ರಾವಣದಲ್ಲಿ ಧಾರವಾಡದಿಂದ ಕಾಗದ ಬಂತು. ಮೇಲಿನ ಸಭೆಯ ಹಿರಿಯ ಅಯ್ಯನವರು ಬರುವವರಿದ್ದರು. ಕ್ರೈಸ್ತ ಐಕ್ಯದ ವಾರವೆಂದು ಅವರು ಊರೂರು ತಿರುಗುತ್ತಿದ್ದರು. ಇಲ್ಲಿನ ಜನ ಒಗ್ಗಟ್ಟಾಗಿದ್ದಾರೆಂದು ಅವರಿಗೆ ಕಂಡರೆ ದಾವಣಗೆರೆಗೇ ಒಬ್ಬ ಪೂರ್ಣಾವಧಿ ಪಾದ್ರಿಯನ್ನು ಕೊಡುವರೆಂದು ಕಾಗದದಲ್ಲಿತ್ತು. ಮರುದಿನವೇ ಎಲಿಯಪ್ಪ, ಯೋನಪ್ಪ ಇಬ್ಬರೂ ಜೊತೆಯಾಗಿ ರಾಹೇಲಮ್ಮನ ಮನೆ ಮೆಟ್ಟಿಲು ಹತ್ತಿದರು. ಒಂದೂವರೆ ವರ್ಷದಲ್ಲಿ ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ನಡುವೆ ಒಬ್ಬ ದಪ್ಪ ಮನುಷ್ಯ ಕೂರುವಷ್ಟು ಜಾಗ ಬಿಟ್ಟಿದ್ದರು.

ಪರದೆಯನ್ನು ಅವತ್ತಿನ ಮಟ್ಟಿಗೆ ಬಿಚ್ಚುವುದು, ಎರಡೂ ಕಡೆಯವರು ಕಲೆತು ಕೂರುವುದು, ಒಂದೇ ಹಾಡು ಹಾಡುವುದು, ಎಲ್ಲ ಮಾತಾಗಿತ್ತು. ಸಭೆಯಲ್ಲಿ ಹಿರಿಯಳಾದ ಅವಳು ಐಕ್ಯದ ಮೇಲೆ ಹತ್ತು ನಿಮಿಷ ಸಾಕ್ಷಿ ಹೇಳಬೇಕು ಎಂದು ಎಲಿಯಪ್ಪ ವಿನಯದಿಂದ ಕೇಳಿಕೊಂಡ. ಅಯ್ಯನವರು ಹೋದ ಮೇಲೆ ಪರದೆ ಮತ್ತೆ ಕಟ್ಟುವಿರಾ ಎಂದು ಅವಳು ಕೇಳಿದಳು. ಇಬ್ಬರೂ ಕಾಫಿ ಲೋಟದೊಳಗೆ ನೋಡಿದರು.

"ಆಗ್ಲಿ, ಹೇಳ್ತೀನಿ," ಎಂದಳು ರಾಹೇಲಮ್ಮ. ಅವಳು ಇಷ್ಟು ಸಲೀಸಾಗಿ ಒಪ್ಪಿದ್ದು ಯೋನಪ್ಪನಿಗೆ ಸರಿಕಾಣಲಿಲ್ಲ. ಆದರೆ ಎಲಿಯಪ್ಪ ಆಗಲೇ ಎದ್ದು ಕೈ ಮುಗಿದಿದ್ದ.

ಆ ಭಾನುವಾರ ಪ್ರಾರ್ಥನಾಲಯಕ್ಕೆ ಸುಣ್ಣ ಬಳಿದು, ಮಾವಿನೆಲೆ ಕಟ್ಟಿದ್ದರು. ಧಾರವಾಡದ ಅಯ್ಯನವರು ಒಳ್ಳೆಯ ಮನುಷ್ಯರು. ನರೆತ ಗಡ್ಡ, ಮೃದು ಮಾತು. ಮುಳುಗಿದವರೂ ಚಿಮುಕಿಸಿಕೊಂಡವರೂ ಒಬ್ಬರ ಪಕ್ಕ ಒಬ್ಬರು ಕೂತಿರುವುದನ್ನು ನೋಡಿ, ನಂಬಿಕೆಯಲ್ಲಿ ಭೇದವಿದ್ದೂ ಪ್ರೀತಿಯಲ್ಲಿ ಒಂದಾಗಿರುವ ಇಂಥ ಸಭೆಯನ್ನು ತಾವು ಕಂಡಿಲ್ಲವೆಂದು ಅವರು ಕಣ್ಣೊರೆಸಿಕೊಂಡರು. ಎಲಿಯಪ್ಪ ತಲೆ ತಗ್ಗಿಸಿ ಹೊಗಳಿಕೆಯನ್ನು ಸ್ವೀಕರಿಸಿದ. ಯೋನಪ್ಪನೂ ತಗ್ಗಿಸಿದ, ಸ್ವಲ್ಪ ಹೆಚ್ಚೇ. ಅದನ್ನು ನೋಡುತ್ತ ಕೂತಿದ್ದ ರಾಹೇಲಮ್ಮನಿಗೆ ಸಿಟ್ಟಿಗಿಂತ ಅಸಹ್ಯವೇ ಹೆಚ್ಚಾಗಿ ಬಂತು. ಸುಳ್ಳನ್ನಾದರೂ ಚೆನ್ನಾಗಿ ಹೇಳಲು ಬಾರದವರು ಇವರು ಅನಿಸಿತು.

ಅವಳ ಸರದಿ ಬಂದಾಗ ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡಳು.

"ಅಯ್ಯನವರೇ, ನೀವು ನೋಡ್ತಿರೋದು ಐಕ್ಯ ಅಲ್ಲ. ನಿನ್ನೆ ಬಿಚ್ಚಿದ ಪರದೆ ಹಾರ್ಮೋನಿಯಂ ಹಿಂದೆ ಮಡಚಿ ಇಟ್ಟಾರ, ನಾಳೆ ಮತ್ತೆ ಕಟ್ತಾರ. ನಾನು ಕೂಸಿದ್ದಾಗ ನನ್ನ ಹಣಿಗೆ ನೀರು ಹಾಕಿದ್ರು, ನನಗೆ ಅದು ಸಾಕು. ನನ್ನ ತಮ್ಮಗೆ ಸಾಲಲಿಲ್ಲ, ಹೊಳ್ಯಾಗ ಮುಳುಗಿದ. ಅವನದು ತಪ್ಪು ಅಂತ ನಾನಂತೀನಿ, ನನ್ನದು ತಪ್ಪು ಅಂತ ಅವನಂತಾನ. ಅಂದ್ಕೊಂಡೇ ಒಂದು ಚಾಪಿ ಮ್ಯಾಲೆ ಕೂಡಬಹುದಿತ್ತು. ಇವರಿಗೆ ಬೇಕಾಗಿದ್ದು ನೀರಲ್ಲ, ಬಾಗಿಲ ಕೀಲಿ. ಇಂಥವರ ಕೈಗೆ ಪಾದ್ರೀನ ಕೊಡಬ್ಯಾಡ್ರಿ. ಅವನನ್ನೂ ನಡುವೆ ಸೀಳಿ ಹಂಚ್ಕೊಳ್ತಾರ."

ಹೇಳಿ ಕೂತಳು. ಇಪ್ಪತ್ತೆರಡು ಮನೆಯ ಜನ ಉಸಿರು ಬಿಗಿಹಿಡಿದಿದ್ದರು. ಅವಳ ಮೈ ಹಗುರಾಯಿತು. ಆ ಮೌನದಲ್ಲಿ ಅವಳಿಗೊಂದು ಸುಖವೇ ಸಿಕ್ಕಿತೆಂದರೂ ಸುಳ್ಳಲ್ಲ. ಅಯ್ಯನವರು ಎದ್ದು ಹಾರ್ಮೋನಿಯಂ ಹಿಂದೆ ಒಮ್ಮೆ ನೋಡಿ, ಒಂದು ಸಣ್ಣ ಪ್ರಾರ್ಥನೆ ಮಾಡಿ, ಊಟಕ್ಕೂ ನಿಲ್ಲದೆ ಮಧ್ಯಾಹ್ನದ ಗಾಡಿಗೆ ಹೋದರು.

ಅವತ್ತು ಸಂಜೆಯೇ ಸಭೆ ಸೇರಿತು. ಪರದೆಯ ಎರಡೂ ಕಡೆಯ ಹಿರಿಯರು ಒಂದೇ ಮೇಜಿನ ಸುತ್ತ ಕೂತರು. ಇನ್ನೊಬ್ಬರ ಮಾತಿಗೆ ಅಡ್ಡ ಬಾಯಿ ಹಾಕದೆ ಎರಡು ಗಂಟೆ ಚರ್ಚಿಸಿದರು. ಐಕ್ಯ ಕೆಡಿಸಿದ ರಾಹೇಲಮ್ಮನನ್ನು ಸಭೆಯಿಂದ ಹೊರಗಿಡುವುದೆಂದು ಒಂದೇ ಮನಸ್ಸಿನಿಂದ ತೀರ್ಮಾನವಾಯಿತು. ಒಬ್ಬರೂ ಬೇಡವೆನ್ನಲಿಲ್ಲ.

ತೀರ್ಮಾನದ ಕಾಗದವನ್ನು ಅವಳ ಮನೆಗೆ ಕಳಿಸಿದರು. ಕೆಳಗೆ ಎಲಿಯಪ್ಪನ ಸಹಿ, ಅದರ ಪಕ್ಕದಲ್ಲೇ ಅವಳ ತಮ್ಮನ ಸಹಿ. ರಾಹೇಲಮ್ಮ ದೀಪದ ಹತ್ತಿರ ಹಿಡಿದು ಎರಡು ಸಲ ಓದಿದಳು. ಐಕ್ಯ ಎಂಬುದಕ್ಕೆ 'ಐಖ್ಯ' ಎಂದು ಬರೆದಿದ್ದರು. ಕೆಂಪು ಸೀಸದಕಡ್ಡಿ ತೆಗೆದು ಅದಕ್ಕೆ ಸುತ್ತು ಹಾಕಿದಳು. ಇನ್ನೂ ನಾಲ್ಕು ತಪ್ಪು ಸಿಕ್ಕವು. ಎಲ್ಲವನ್ನೂ ತಿದ್ದಿ, ಹತ್ತಕ್ಕೆ ಮೂರು ಅಂಕ ಹಾಕಿ, ತಂದವನ ಕೈಯಲ್ಲೇ ವಾಪಸು ಕಳಿಸಿದಳು. ತಮ್ಮನ ಸಹಿಯಲ್ಲಿನ 'ಯೋ' ಅಕ್ಷರದ ಸುಳಿ ಅವಳು ಕಲಿಸಿದ ಹಾಗೇ ಇತ್ತು.

ಮೂರು ದಿನದ ಮೇಲೆ ಲೇಯಮ್ಮ ಬಂದಳು. ಗಂಡನಿಗೆ ಹೇಳದೆ ಬಂದಿದ್ದಳು. ಒಳಗೆ ಬಂದು ಕೂತು, ಸೆರಗಿನ ತುದಿ ಸುತ್ತತೊಡಗಿದಳು. ಸಮಾಧಾನ ಹೇಳಲು ಬಂದಿದ್ದಾಳೆಂದುಕೊಂಡ ರಾಹೇಲಮ್ಮ, ಅದನ್ನು ತಳ್ಳಿಹಾಕಲು ಸಿದ್ಧಳಾಗಿ ಕೂತಳು.

"ಅಕ್ಕಾ, ನೀವು ಹೇಳಿದ್ದು ನಿಜ," ಎಂದಳು ಲೇಯಮ್ಮ. "ಆದ್ರೆ ಒಂದು ಮಾತು. ನೀವು ನಮ್ಮನ್ನೆಲ್ಲ ಮೂರನೇ ಕ್ಲಾಸಿನಾಗ ನಪಾಸಾದೋರಂಗ ನೋಡ್ತೀರಿ. ಅವರು ಬಟ್ಟೆ ಪರದೆ ಕಟ್ಟಿದ್ರು. ನಿಮ್ಮ ಹೊಸ್ತಿಲೇನು ಕಮ್ಮಿ ಐತೆ? ಒಂದೂವರೆ ವರ್ಷದಾಗ ನೀವು ಒಂದು ದಿನ ಬಂದು ನಮ್ಮ ಪಕ್ಕದಾಗ ಕೂತ್ರೇನು?"

ರಾಹೇಲಮ್ಮನಿಗೆ ಮೈ ಉರಿದುಹೋಯಿತು. ನೀರಲ್ಲೊಮ್ಮೆ ಮುಳುಗಿ ಎದ್ದ ಮಾತ್ರಕ್ಕೆ ನಾಲಿಗೆಗೆ ಇಷ್ಟು ಧೈರ್ಯ ಬಂತೇ ಎಂದು ಕೇಳಬೇಕೆನಿಸಿತು. ಅದರ ಬದಲು ಎದ್ದು ಮಜ್ಜಿಗೆ ತಂದಿಟ್ಟಳು. ಲೇಯಮ್ಮ ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು ಹೋದಳು. ರಾಹೇಲಮ್ಮ ಎರಡು ದಿನ ಅವಳ ಮಾತಿಗೆ ಉತ್ತರ ಹುಡುಕಿದಳು. ಚುಚ್ಚುವ ಉತ್ತರಗಳು ಐದಾರು ಸಿಕ್ಕವು. ಅವುಗಳಲ್ಲಿ ಒಂದೂ ನಿಜವಾದ ಉತ್ತರವಲ್ಲವೆಂದು ಅವಳಿಗೇ ಗೊತ್ತಿತ್ತು.

ಭಾನುವಾರ ಅವಳು ಬಿಳಿ ಸೀರೆ ಉಟ್ಟು ಪ್ರಾರ್ಥನಾಲಯಕ್ಕೆ ಹೋದಳು. ಪರದೆ ಮತ್ತೆ ಏರಿತ್ತು. ಎಲಿಯಪ್ಪ ಬಾಗಿಲಿಗೆ ಬಂದು, ತೀರ್ಮಾನ ಆಗಿದೆಯಲ್ಲ ಎಂದ. ಅವಳು ವಾದ ಮಾಡಲಿಲ್ಲ. ಜಗಲಿಯ ಕೆಳಗೆ, ಎರಡೂ ಕಡೆಯ ಕಿಟಕಿಗಳಿಗೆ ಕಾಣುವಂತಿದ್ದ ಬೇವಿನ ಬುಡದ ಚಪ್ಪಡಿಯ ಮೇಲೆ ಕೂತಳು. ಒಳಗೆ ಎರಡು ಹಾಡು ಒಟ್ಟಿಗೆ ಶುರುವಾದವು. ಒಂದರಲ್ಲೂ ತಾಳವಿರಲಿಲ್ಲ.

ಎರಡನೆಯ ಭಾನುವಾರ ಲೇಯಮ್ಮ ಚಾಪೆ ಹಿಡಿದು ಹೊರಗೆ ಬಂದಳು. ಕಿಟಕಿಯಿಂದ ಯೋನಪ್ಪ ಕೆಮ್ಮಿದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ನಾಲ್ಕನೆಯ ಭಾನುವಾರ ಎಲಿಯಪ್ಪನ ಅತ್ತಿಗೆ ಮಾರ್ಥಮ್ಮ, ಒಳಗೆ ಸೆಕೆ ಎಂದು ನೆಪ ಹೇಳಿಕೊಂಡು ಬಂದಳು. ದೀಪಾವಳಿಯ ಹೊತ್ತಿಗೆ ಬೇವಿನ ಕೆಳಗೆ ಒಂಬತ್ತು ಹೆಂಗಸರಿದ್ದರು, ಮುಳುಗಿದವರು ಐವರು, ಮುಳುಗದವರು ನಾಲ್ವರು. ನೀರಿನ ವಿಚಾರದಲ್ಲಿ ಯಾರೂ ಮನಸ್ಸು ಬದಲಿಸಲಿಲ್ಲ. ಮಾರ್ಥಮ್ಮನೂ ಲೇಯಮ್ಮನೂ ಪ್ರತಿ ವಾರ ಅದರ ಮೇಲೆ ಮುಖ ಕೆಂಪಗಾಗುವವರೆಗೆ ವಾದ ಮಾಡಿ, ಆಮೇಲೆ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಗಂಡಸರು ಒಳಗೆ ಹಾಡುತ್ತಲೇ ಇದ್ದರು. ಧಾರವಾಡದಿಂದ ಪಾದ್ರಿ ಬರಲಿಲ್ಲ. ಯೋನಪ್ಪ ಅಕ್ಕನ ಜೊತೆ ಮಾತು ಬಿಟ್ಟವನು ಮತ್ತೆ ಶುರು ಮಾಡಲಿಲ್ಲ.

ಒಂದು ಭಾನುವಾರ ಎಲ್ಲರೂ ಕೂತ ಮೇಲೆ, ರೂಢಿಯಂತೆ ಪ್ರಾರ್ಥನೆ ಮಾಡಲೆಂದು ಉಳಿದವರೆಲ್ಲ ರಾಹೇಲಮ್ಮನ ಕಡೆ ನೋಡಿದರು. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, "ಲೇಯಾ, ಈ ಹೊತ್ತು ನೀನು ಮಾಡು," ಎಂದಳು.

ಲೇಯಮ್ಮ ಕಣ್ಣು ಮುಚ್ಚಿ ಉದ್ದನೆಯ ಪ್ರಾರ್ಥನೆ ಮಾಡಿದಳು. ಹೇಳಿದ್ದನ್ನೇ ಹೇಳಿದಳು. ಹೊಳೆಯಲ್ಲಿ ತನ್ನ ಪಾಪವೆಲ್ಲ ಕೊಚ್ಚಿಹೋಯಿತೆಂದಳು. ಅದು ಶುದ್ಧ ತಪ್ಪು ಬೋಧನೆಯೆಂದು ರಾಹೇಲಮ್ಮನ ತುಟಿ ಸೊಟ್ಟಗಾಯಿತು. ವ್ಯಾಕರಣವೂ ಎರಡು ಕಡೆ ಕೆಟ್ಟಿತ್ತು. ಪ್ರಾರ್ಥನೆ ಮುಗಿಯುವವರೆಗೂ ಅವಳು ಬಾಯಿ ತೆರೆಯಲಿಲ್ಲ. ಮುಗಿದ ಮೇಲೆ ಎಲ್ಲರಿಗಿಂತ ಸ್ವಲ್ಪ ತಡವಾಗಿ ಆಮೆನ್ ಅಂದಳು.