ಔಷಧಿ ನುಂಗಿದ ಮೇಲಿನ ಮಾತು

ಬಾಗಿಲಿಗೆ ಬಂದ ಪ್ರತಿ ಹೆಂಗಸಿನ ಮುಖವನ್ನೂ ಅವಳು ದಿಟ್ಟಿಸುತ್ತಿದ್ದಳು. ಗಂಡನ ಹೆಣದ ಪಕ್ಕ ಕೂತವಳು ಹೀಗೆ ಕಣ್ಣು ಕೀಲಿಸುವುದು ಕಂಡು ನಾದಿನಿ ಪಿಸುಗುಟ್ಟಿದಳು.

“ಯಾರನ್ನ ಹುಡುಕ್ತಿದ್ದೀರಿ ಅತ್ತಿಗೆ?”

“ನಿಮ್ಮಣ್ಣ ನನ್ನ ಮುಟ್ಟೋದೇ ಬಿಟ್ರಲ್ಲ, ಯಾವಳಿಗೋಸ್ಕರ ಅಂತ ನೋಡ್ಬೇಕು. ಇವತ್ತಾದ್ರೂ ಬರ್ತಾಳೆ.”

*

ಅವನು ಬಸ್ಸಿನ ಸೀಟು ಹೊಲಿಯುತ್ತಿದ್ದ. ಹೆರಾಯಿನ್ ಚಟಕ್ಕೆ ಹೊಲಿಗೆ ಮೆಷಿನ್ನನ್ನೇ ಮಾರಿಕೊಂಡವನು. ಚಟಕ್ಕೆ ಬದಲಿಯಾಗಿ ಕೊಡುವ ಔಷಧಿ ಹಿಡಿದ ಮೇಲೆ ಮತ್ತೆ ಮನುಷ್ಯನಾದ. ದಿನಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಅದನ್ನು ಕುಡಿದು, ಅಲ್ಲಿಂದಲೇ ಕೆಲಸಕ್ಕೆ. ಕೈನಡುಕ ನಿಂತಿತು, ಹೊಲಿಗೆ ನೆಟ್ಟಗಾಯಿತು. ಆದರೆ ಅವಳು ಹತ್ತಿರ ಸರಿದಾಗಲೆಲ್ಲ ಬೆನ್ನುನೋವು ಎಂದು ಗೋಡೆ ಕಡೆ ತಿರುಗುತ್ತಿದ್ದ. ಆಮೇಲೆ ಕಿಟಕಿಯ ಕೆಳಗೆ ಬೇರೆ ಮಂಚವನ್ನೇ ಹಾಕಿಕೊಂಡ.

“ಚಟ ಇದ್ದಾಗ್ಲೇ ಚೆನ್ನಾಗಿದ್ರಿ ನೀವು,” ಎಂದುಬಿಟ್ಟಿದ್ದಳು ಒಮ್ಮೆ.

ಅವನು ದಾರವಿದ್ದ ಸೂಜಿಗೇ ಮತ್ತೆ ದಾರ ಪೋಣಿಸಲು ಹೊರಟಿದ್ದ.

ನಿನ್ನೆ ಕತ್ತರಿ ಹಿಡಿದೇ ಕುಸಿದ. ಎದೆಬಡಿತ ನಿಂತಿತ್ತು.

*

ಬಣ್ಣ ಮೆತ್ತಿದ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಬ್ಬ ಪೇಂಟರ್ ಒಳಗೆ ಬಂದ. ಹೆಣಕ್ಕೆ ಕೈಮುಗಿದು ಅವಳ ಕಡೆ ತಿರುಗಿದ.

“ಗುಬ್ಬಿ ಅಂದ್ರೆ ನೀವೇ ಅಲ್ವಾ ಅಕ್ಕ?”

ಅವಳು ಬೆಚ್ಚಿದಳು. ಗಂಡ ಬಿಟ್ಟರೆ ಯಾರೂ ಹಾಗೆ ಕರೆದಿರಲಿಲ್ಲ. ಅವನೂ ಹಾಗೆ ಕರೆಯುವುದು ಬಿಟ್ಟು ವರ್ಷಗಳಾಗಿದ್ದವು.

“ನಿಮಗ್ಯಾರು ಹೇಳಿದ್ರು?”

“ಇವ್ನೇ. ಕ್ಲಿನಿಕ್ಕಲ್ಲಿ ನಾವು ಔಷಧಿ ಕುಡಿದ್ಮೇಲೆ ಏನಾದ್ರೂ ಮಾತಾಡ್ಲೇಬೇಕು, ನುಂಗಿದ್ದೀವಿ ಅಂತ ಗೊತ್ತಾಗ್ಬೇಕಲ್ಲ. ಬಾಯಲ್ಲಿಟ್ಕೊಂಡು ಹೋಗಿ ಹೊರಗೆ ಮಾರ್ತೀವಿ ಅಂತ ನರ್ಸಮ್ಮನಿಗೆ ಅನುಮಾನ. ನಾನು ಡಾಕ್ಟ್ರನ್ನ ಬೈತಿದ್ದೆ. ಇವ್ನು ದಿನಾ ಒಂದೇ, ‘ಗುಬ್ಬಿ, ಬಂದೆ.’ ಎಷ್ಟು ರೇಗಿಸಿದ್ವಿ ಗೊತ್ತಾ!”

“ಮತ್ತೆ ನನ್ನ ಹತ್ರ ಯಾಕೆ ಬರ್ಲಿಲ್ಲ?”

ಪೇಂಟರ್ ನಾದಿನಿಯ ಕಡೆ ನೋಡಿದ. ಅವಳು ಮುಖ ತಿರುಗಿಸಿದಳು.

“ಆ ಔಷಧಿ ಅಕ್ಕ. ಕೆಲವ್ರಿಗೆ ಗಂಡಸ್ತನಕ್ಕೇ ಹೊಡೆಯುತ್ತೆ. ನಮ್ಮಿಬ್ರಿಗೂ ಹೊಡೀತು. ಚಟ ಬಿಟ್ಟಿದ್ದೀವಾ ಅಂತ ಉಚ್ಚೆ ಹಿಡಿದು ಹಿಡಿದು ಪರೀಕ್ಷೆ ಮಾಡಿದ್ರು, ಸಂಸಾರ ಹೇಗಿದೆ ಅಂತ ಒಬ್ಬ ಡಾಕ್ಟ್ರೂ ಕೇಳ್ಲಿಲ್ಲ! ನಾನೇ ಮಾನ ಬಿಟ್ಟು ಹೇಳ್ದೆ. ರಕ್ತ ನೋಡಿ ಔಷಧಿ ಬದಲಾಯಿಸಿದ್ರು, ಸರಿಹೋಯ್ತು. ಹೇಳೋ, ಹೇಳೋ ಅಂತ ಇವ್ನಿಗೆ ಬಡ್ಕೊಂಡೆ. ‘ನಾಳೆ’ ಅಂತಿದ್ದ. ಕುಡೀತಿದ್ದ, ಗುಬ್ಬಿ ಅಂತಿದ್ದ, ಓಡ್ತಿದ್ದ.”

ಹೊರಗೆ ಹೆಣ ಒಯ್ಯುವ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಬೆಳಿಗ್ಗೆಯಿಂದ ಬೇಡವೆಂದಿದ್ದ ನೀರಿನ ಲೋಟವನ್ನು ನಾದಿನಿ ಮತ್ತೆ ಚಾಚಿದಳು. ಅವಳು ಗಟಗಟ ಕುಡಿದು, ಗಂಡನ ಮುಖದ ಮೇಲೆ ಬಾಗಿದಳು.

“ಬಂದ್ರಾ?” ಎಂದಳು.

ಅವಳ ಗಲ್ಲದಿಂದ ಜಾರಿದ ನೀರು ಅವನ ಮುಚ್ಚಿದ ತುಟಿಯ ಮೇಲೆ ನಿಂತಿತ್ತು.