ಹುಬ್ಬಿನ ಗೀರು

ಐದು ಮಹಡಿ ಎತ್ತರದ ಮುಖ ಬರೆಯುವವನಿಗೆ ಆ ಮುಖವೇ ಕಾಣುವುದಿಲ್ಲ. ಗೋಡೆಗೆ ಮೂಗು ಹಚ್ಚಿ ನಿಂತವನಿಗೆ ಕಾಣುವುದು ಬರೀ ಬಣ್ಣ. ಅದಕ್ಕೇ ಮಿಯಾಪುರದ ಆ ಅಪಾರ್ಟ್‌ಮೆಂಟಿನ ಗೋಡೆಗೆ ನಾನು ಹಗ್ಗದ ಜೂಲಾದಲ್ಲಿ ನೇತಾಡುತ್ತಿದ್ದರೆ, ಮಗಳು ಹರ್ಷದಾ ರಸ್ತೆಯಾಚೆ ನಿಂತು ಫೋನಿನಲ್ಲಿ ಹೇಳಿ ತಿದ್ದಿಸುತ್ತಿದ್ದಳು. ಇಪ್ಪತ್ತರ ಹುಡುಗಿ. ಅಪ್ಪನ ಮೇಲೆ ಹುಕುಂ ಚಲಾಯಿಸುವುದೆಂದರೆ ಬಲು ಖುಷಿ.

ಅಪಾರ್ಟ್‌ಮೆಂಟಿನವರು ಕೇಳಿದ್ದು ಯಾರದೂ ಅಲ್ಲದ ಒಂದು ನಗುಮುಖ; ಅದರ ನಕ್ಷೆಯನ್ನೂ ಅವರೇ ಬರೆಸಿ ಕೊಟ್ಟಿದ್ದರು.

"ಗದ್ದ ಇನ್ನೂ ಸಣ್ಣದು ಮಾಡ್ರಿ ಅಪ್ಪಾ."

ಮಾಡಿದೆ.

"ಎಡಗಡೆ ಹುಬ್ಬಿನಾಗ ಒಂದು ಗೀರು ಬಿಡ್ರಿ."

"ನಕ್ಷೆಯೊಳಗ ಗೀರು ಎಲ್ಲೈತಿ?" ರೇಗಿದೆ.

"ನಕ್ಷೆ ಅತ್ಲಾಗ ಇಡ್ರಿ. ಗೀರಿಲ್ಲಂದ್ರ ಈ ಮುಖ ಪೂರಾ ಆಗಂಗಿಲ್ಲ."

ಗೊಣಗುತ್ತಲೇ ಹುಬ್ಬು ಸೀಳಿದೆ.

ಸಂಜೆ ಕೆಳಗಿಳಿದು, ರಸ್ತೆ ದಾಟಿ, ತಿರುಗಿ ನೋಡಿದೆ. ಗೋಡೆಯ ತುಂಬ ನನ್ನ ಹೆಂಡತಿ ನಗುತ್ತಿದ್ದಳು. ಹರ್ಷದಾಳನ್ನು ಹೆತ್ತ ಮೂರನೆಯ ದಿನ ತೀರಿಕೊಂಡವಳು. ಚಿಕ್ಕಂದಿನಲ್ಲಿ ಬಾವಿಕಟ್ಟೆ ಬಡಿದು ಆದ ಗೀರು ಕೂಡ ಅದೇ ಜಾಗದಲ್ಲಿತ್ತು. ಅವಳ ಫೋಟೊಗಳನ್ನೆಲ್ಲ, ನೋಡಲಾರದೆ, ಆ ವಾರವೇ ನಾನು ಸುಟ್ಟುಹಾಕಿದ್ದೆ. ಗೀರಿನ ಮಾತನ್ನು ಮಗಳ ಮುಂದೆ ಒಮ್ಮೆಯೂ ಎತ್ತಿದವನಲ್ಲ.

"ನಿನಗ ಹೆಂಗ ಗೊತ್ತಾತು ಈ ಮುಖ?" ಕೇಳಿದೆ.

ಅವಳು ಗೋಡೆಯಿಂದ ಕಣ್ಣು ಕೀಳಲಿಲ್ಲ.

"ನಾ ತಲಿ ಬಾಚುವಾಗೆಲ್ಲ ಕನ್ನಡಿಯಾಗ ನನ್ನ ಹಿಂದ ನಿಂತಿರ್ತಾಳಲ್ರಿ," ಎಂದಳು. "ಯಾರ್ರಿ ಅಪ್ಪಾ ಆಕಿ?"